ಹನ್ನೆರಡು ದಿನ ಒಳಗೇ ಇದ್ದ ಚಿನ್ನಪ್ಪ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಗಿಯರ್ ಕಾರ್ಖಾನೆಯಲ್ಲಿ ಹದಿನೆಂಟು ಮಿಷಿನ್ನು, ಗಿಯರ್ ಕಾಯಿಸುವ ಒಂದು ಕುಲುಮೆ, ಎಂಬತ್ತು ಜನ ಕೆಲಸಗಾರರು ಮತ್ತು ಒಬ್ಬ ಕರಿಬಸಪ್ಪ ಇದ್ದಾರೆ. ನಾನು ತಯಾರಾದ ಗಿಯರಿನ ಅಳತೆ ನೋಡುವವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ಸು ಕಳಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಅದು ಮಿತಿಯೊಳಗೇ ಇರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕರಿಬಸಪ್ಪ ಹರಿಹರದ ಕಡೆಯವನು, ಬಾಗಲಗುಂಟೆಯಲ್ಲಿ ಮನೆ. ಹದಿನೈದು ವರ್ಷ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಂಡು ಸುಖವಾಗಿದ್ದ. ಎರಡು ವರ್ಷದ ಕೆಳಗೆ ನಮ್ಮ ಮಾಲೀಕರಾದ ನಿಂಗಪ್ಪನವರು ಒಂದು ಸರ್ವರ್ ತರಿಸಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡಿಸಿದರು. ಅದನ್ನು ಜೋಡಿಸಲು ಬಂದವನು, "ಇದು ಲಿನಕ್ಸ್, ವಿಂಡೋಸ್ ಅಲ್ಲ. ನಿಮ್ಮಲ್ಲಿ ಯಾರಿಗೆ ಬರುತ್ತೆ?" ಅಂದ. ನಾವೆಲ್ಲ ನೆಲ ನೋಡಿದೆವು. ಕರಿಬಸಪ್ಪ ಮಾತ್ರ, "ನಮ್ಮ ಮನೇಲಿ ಅದೇ ಕೆಲಸ ಸಾರ್" ಅಂದುಬಿಟ್ಟ. ಪೂರ್ತಿ ಸುಳ್ಳೇನಲ್ಲ. ಅವನ ಹೆಂಡತಿಯ ತಮ್ಮ ಮಲ್ಲಿಕ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅದೇ ಕೆಲಸ ಮಾಡುತ್ತಾನೆ, ವರ್ಷಕ್ಕೆ ಎರಡು ಸಲ ಹಬ್ಬದ ಊಟಕ್ಕೆ ಬರುತ್ತಾನೆ. ಆವತ್ತು ಸಂಜೆಯೊಳಗೆ ಕರಿಬಸಪ್ಪನ ಮೇಜಿನ ಮೇಲೆ 'ಸಿಸ್ಟಂ ಇನ್‌ಚಾರ್ಜ್' ಎಂಬ ಫಲಕ ಬಂತು. ಅದರ ಜೊತೆಗೆ ಬಂದ ಭಯ ಮಾತ್ರ ಫಲಕದ ಹಾಗೆ ಮೇಜಿನ ಮೇಲೆ ಉಳಿಯದೆ ಅವನ ಜೊತೆ ಮನೆಗೂ ಹೋಗತೊಡಗಿತು.

ಭಯಕ್ಕೆ ಕಾರಣವಿತ್ತು. ಹುಮ್ಮಸ್ಸಿನಲ್ಲಿ ಅವನು ಹಾಜರಿ ಪುಸ್ತಕವನ್ನೇ ತೆಗೆಸಿಹಾಕಿದ್ದ. ಇನ್ನು ಮುಂದೆ ಪ್ರತಿಯೊಬ್ಬರೂ ಮಿಷಿನ್ನಿನ ಪಕ್ಕದ ಪುಟ್ಟ ಕಂಪ್ಯೂಟರಿನಲ್ಲಿ ತಮ್ಮ ಹೆಸರು ಹಾಕಿ ಲಾಗಿನ್ ಆಗಬೇಕು, ಹೋಗುವಾಗ ಲಾಗ್ಔಟ್ ಆಗಬೇಕು. ಯಾರು ಒಳಗಿದ್ದಾರೆ ಎಂಬ ಪಟ್ಟಿ ಕರಿಬಸಪ್ಪನ ಪರದೆಯ ಮೇಲೆ ಬರುತ್ತದೆ. "ಮನುಷ್ಯ ಸುಳ್ಳು ಹೇಳ್ತಾನೆ ಸಾರ್, ಕಂಪ್ಯೂಟರ್ ಹೇಳಲ್ಲ" ಎಂದು ಅವನು ಎಲ್ಲರ ಮುಂದೆ ಘೋಷಿಸಿದ್ದ.

ರಾಣೆಬೆನ್ನೂರಿನ ನಿಂಗಪ್ಪನವರು ಕನ್ನಡಕದ ಮೇಲಿಂದ ನೋಡಿ, "ಆತು. ಆದರ ಆ ಡಬ್ಬಿ ಒಂದ ದಿನ ತಪ್ಪು ಹೇಳಿತಂದ್ರ, ಅದನ್ನೂ ನಿಮ್ಮನ್ನೂ ಕೂಡೇ ಗೇಟಿನ ಹೊರಗ ಹಾಕ್ತೀನಿ ನೋಡ್ರಿ" ಎಂದಿದ್ದರು. ನಲವತ್ತೇಳನೇ ವಯಸ್ಸಿನಲ್ಲಿ ಗೇಟಿನ ಹೊರಗೆ ಬಿದ್ದರೆ ಕರಿಬಸಪ್ಪನನ್ನು ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹೀಗಿರುವಾಗ ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಅಂಜಿನಮ್ಮ ಗೇಟಿಗೆ ಬಂದಳು. ಅವಳು ನಮ್ಮ ಗ್ರೈಂಡಿಂಗ್ ಮಿಷಿನ್ನಿನ ಚಿನ್ನಪ್ಪನ ಹೆಂಡತಿ. ಕೈಯಲ್ಲಿ ಒಗೆದ ಬಟ್ಟೆಯ ಚೀಲ, ಒಂದು ಕ್ಯಾರಿಯರ್ ಮುದ್ದೆ ಸಾರು. ಅರ್ಜೆಂಟ್ ಆರ್ಡರ್ ಇದೆ, ಕಾರ್ಖಾನೆಯಲ್ಲೇ ಮಲಗುತ್ತೇನೆ ಎಂದು ಹೇಳಿ ಗಂಡ ಹನ್ನೆರಡು ದಿನದ ಹಿಂದೆ ಮನೆ ಬಿಟ್ಟಿದ್ದ. ತಿಂಗಳ ಕೊನೆಗೆ ಮಾಲು ಕಳಿಸುವ ಗಡಿಬಿಡಿಯಲ್ಲಿ ಪೀಣ್ಯದವರು ಹೀಗೆ ರಟ್ಟಿನ ಡಬ್ಬ ಹಾಸಿಕೊಂಡು ಕಾರ್ಖಾನೆಯಲ್ಲೇ ಮಲಗುವುದು ಹೊಸದಲ್ಲ. ಗಂಡನ ಮೊಬೈಲು ಸ್ವಿಚ್ ಆಫ್ ಆಗಿದ್ದರಿಂದ ಅವಳು ದಿನಾ ಹತ್ತು ಗಂಟೆಗೆ ಆಫೀಸಿಗೆ ಫೋನ್ ಮಾಡುತ್ತಿದ್ದಳು. ಕರಿಬಸಪ್ಪ ಪರದೆ ನೋಡಿ, "ಒಳಗೇ ಇದಾರಮ್ಮ, ಏನೂ ಯೋಚ್ನೆ ಮಾಡ್ಬೇಡಿ" ಎಂದು ಹೇಳುತ್ತಿದ್ದ. ಹನ್ನೆರಡು ದಿನ ಹನ್ನೆರಡು ಸಲ ಹೇಳಿದ್ದ.

"ಬಟ್ಟೆ ಕೊಟ್ಟು, ಮುಖ ನೋಡ್ಕೊಂಡು ಓಗ್ತೀನಿ, ಕರೀರಣ್ಣ" ಎಂದಳು ಅಂಜಿನಮ್ಮ.

ಗೇಟಿನ ನರಸಿಂಹಯ್ಯ ಒಳಗೆ ಬಂದು ಚಿನ್ನಪ್ಪನನ್ನು ಕೂಗಿದ. ಚಿನ್ನಪ್ಪನ ಮಿಷಿನ್ನು ಕೆಟ್ಟು, ಬಿಡಿಭಾಗ ಬರಬೇಕೆಂದು ಎರಡು ವಾರದಿಂದ ಟಾರ್ಪಾಲು ಹೊದ್ದು ನಿಂತಿತ್ತು. ಹಗಲು ಪಾಳಿಯವರು, "ಅವ್ನು ಸಂಜೆ ಪಾಳಿಗೆ ಹಾಕಿಸ್ಕೊಂಡವ್ನೆ" ಎಂದರು. ಸಂಜೆ ಪಾಳಿಯವರಿಗೆ ಫೋನ್ ಮಾಡಿದರೆ, "ಹಗಲಲ್ಲಿ ಇದಾನಲ್ವಾ?" ಎಂದರು. ಸೂಪರ್‌ವೈಸರು ದಿನಾ ಪರದೆಯಲ್ಲಿ ಹೆಸರು ನೋಡಿ ಸಮಾಧಾನಪಟ್ಟಿದ್ದರೇ ಹೊರತು ಮುಖ ನೋಡಿರಲಿಲ್ಲ. ಎಂಬತ್ತು ಜನರಲ್ಲಿ ಒಬ್ಬನೂ ಚಿನ್ನಪ್ಪನನ್ನು ಹನ್ನೆರಡು ದಿನದಿಂದ ಕಂಡಿರಲಿಲ್ಲ.

ನಿಂಗಪ್ಪನವರು ಕರಿಬಸಪ್ಪನ ಮೇಜಿನ ಮುಂದೆ ಬಂದು ನಿಂತರು. ಪರದೆಯಲ್ಲಿ ಚಿನ್ನಪ್ಪನ ಹೆಸರು ಎದ್ದು ಕಾಣುತ್ತಿತ್ತು. ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಏಳೂವರೆಗೆ ಒಳಗೆ ಬಂದವನು ಹೊರಗೆ ಹೋಗಿರಲೇ ಇಲ್ಲ.

"ಎಲ್ಲಿ ಅದಾನ್ರೀ ಅವ?"

"ಒಳಗೆ ಸಾರ್."

"ಒಳಗ ಎಲ್ಲಿ?"

ಕರಿಬಸಪ್ಪ ಪರದೆಯನ್ನು ಕರವಸ್ತ್ರದಿಂದ ಒರೆಸಿದ. "ಅದು... ಅಷ್ಟು ವಿವರ ಇದ್ರಲ್ಲಿ ಬರಲ್ಲ ಸಾರ್" ಎಂದ.

ಅಷ್ಟರಲ್ಲಿ ಯಾರೋ ಮಹಾನುಭಾವ ಕುಲುಮೆಯ ಕಡೆ ತಿರುಗಿ ನೋಡಿದ. ಯಾರೆಂದು ನನಗೆ ಈಗಲೂ ಗೊತ್ತಿಲ್ಲ. ಒಬ್ಬ ನೋಡಿದ್ದನ್ನು ಕಂಡು ಇನ್ನೊಬ್ಬ ನೋಡಿದ, ಆಮೇಲೆ ನಾವೆಲ್ಲರೂ ನೋಡಿದೆವು. ಒಂಬೈನೂರು ಡಿಗ್ರಿಯಲ್ಲಿ ಕೆಂಪಗೆ ಉರಿಯುತ್ತಿದ್ದ ಕುಲುಮೆ ಎಂದಿನಂತೆ ತನ್ನ ಪಾಡಿಗೆ ತಾನು ಗುರುಗುಟ್ಟುತ್ತಿತ್ತು. ಕಾದ ಗಿಯರನ್ನು ಅದ್ದುವ ಎಣ್ಣೆ ತೊಟ್ಟಿಯನ್ನು ಇಬ್ಬರು ಉದ್ದನೆಯ ಕೊಕ್ಕೆ ಹಾಕಿ ತಡಕಿದರು. ಏನೋ ಸಿಕ್ಕಿತು. ಮೇಲೆತ್ತುವಷ್ಟರಲ್ಲಿ ಮೂವರು ಕಣ್ಣು ಮುಚ್ಚಿಕೊಂಡಿದ್ದರು, ಅದರಲ್ಲಿ ಕೊಕ್ಕೆ ಹಿಡಿದವರೇ ಇಬ್ಬರು. ಬಂದದ್ದು ಒಂದು ಹಳೇ ಬಕೆಟ್ಟು.

ಆದರೂ ಅಂಜಿನಮ್ಮ ಗೇಟಿನಲ್ಲೇ ಕುಸಿದು ಕೂತಳು. "ಒಳಗವ್ರೆ ಒಳಗವ್ರೆ ಅಂತ ದಿನಾ ಏಳಿದ್ರಲ್ಲಣ್ಣ! ಒಳಗಿದ್ದೋರು ಏನಾದ್ರು?" ಎಂದು ಎದೆ ಬಡಿದುಕೊಂಡು ಅಳತೊಡಗಿದಳು. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನವರು ಕೆಲಸ ಬಿಟ್ಟು ಬಂದರು. ಟೀ ಅಂಗಡಿಯವನು ಒಲೆ ಸಣ್ಣ ಮಾಡಿ ಬಂದ. ಹತ್ತೇ ನಿಮಿಷದಲ್ಲಿ ಇಡೀ ರಸ್ತೆಗೆ ಚಿನ್ನಪ್ಪ ಸತ್ತ ಸಮಯವೂ ಸತ್ತ ರೀತಿಯೂ ಗೊತ್ತಾಗಿಹೋಯಿತು. ಅವನು ಕೊನೆಯದಾಗಿ ಏನೆಂದು ಕೂಗಿದ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಯಾರೋ ಪೊಲೀಸರಿಗೆ ಫೋನ್ ಮಾಡಿದರು.

ಸಬ್ ಇನ್‌ಸ್ಪೆಕ್ಟರ್ ಕೃಪಾ ಮೇಡಂ ಜೀಪಿನಿಂದ ಇಳಿದವರೇ ನೇರ ಪರದೆಯ ಮುಂದೆ ಬಂದರು. "ಈ ರೆಕಾರ್ಡ್ ನೋಡ್ಕೊಳ್ಳೋದು ಯಾರು?"

ನಾವೆಲ್ಲರೂ ಅಷ್ಟು ಒಗ್ಗಟ್ಟಾಗಿ ಒಂದೇ ಕಡೆ ಕೈ ತೋರಿಸಿದ್ದು ಕಾರ್ಖಾನೆಯ ಇತಿಹಾಸದಲ್ಲೇ ಮೊದಲು.

"ಇದು ತಪ್ಪು ತೋರಿಸೋ ಚಾನ್ಸ್ ಇದೆಯಾ?" ಎಂದು ಮೇಡಂ ಕೇಳಿದರು.

ಕರಿಬಸಪ್ಪನ ಸಂಕಟ ನೋಡಿ. ಇದೆ ಅಂದರೆ ನಿಂಗಪ್ಪನವರು ಗೇಟಿನ ಹೊರಗೆ ಹಾಕುತ್ತಾರೆ. ಇಲ್ಲ ಅಂದರೆ ಚಿನ್ನಪ್ಪ ಕುಲುಮೆಯಲ್ಲಿ ಹೋಗಿದ್ದಾನೆ ಎಂದು ಬರೆದುಕೊಳ್ಳುತ್ತಾರೆ, ಹನ್ನೆರಡು ದಿನ ಮುಚ್ಚಿಟ್ಟವನು ಕರಿಬಸಪ್ಪನೇ ಎಂದೂ ಬರೆದುಕೊಳ್ಳುತ್ತಾರೆ. ಒಂದು ಕಡೆ ಬೀದಿ, ಇನ್ನೊಂದು ಕಡೆ ಪರಪ್ಪನ ಅಗ್ರಹಾರದ ಜೈಲು.

"ಐದು ನಿಮಿಷ ಮೇಡಂ. ಸರ್ವರನ್ನೇ ಕೇಳ್ಕೊಂಡು ಬರ್ತೀನಿ" ಎಂದು ಹೇಳಿ ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿದ. ಧೈರ್ಯಕ್ಕೆ ನನ್ನನ್ನೂ ತೋಳು ಹಿಡಿದು ಎಳೆದುಕೊಂಡು ಹೋದ. ಸರ್ವರಿನ ಮೇಲೆ ಅರಿಶಿನ ಕುಂಕುಮವಿತ್ತು, ಅದರ ಮೇಲೆ ಒಣಗಿದ ನಿಂಬೆಹಣ್ಣಿತ್ತು. ಕರಿಬಸಪ್ಪ ಅದಕ್ಕೆ ಕೈಮುಗಿದು, ಕೆಳಗೆ ಕೂತು ಮಲ್ಲಿಕ್‌ಗೆ ಫೋನ್ ಮಾಡಿದ.

"ಭಾವ, ಮೀಟಿಂಗಲ್ಲಿದೀನಿ..."

"ಮಲ್ಲಿಕ್, ನಾನು ಜೈಲಿಗೆ ಹೋಗ್ತಾ ಇದೀನಪ್ಪ."

ಮಲ್ಲಿಕ್ ಮೀಟಿಂಗಿನಿಂದ ಹೊರಗೆ ಬಂದ ಸದ್ದು ಕೇಳಿಸಿತು. ಎಲ್ಲ ಕೇಳಿಸಿಕೊಂಡು ಅವನು ನಕ್ಕ. ಸಾಯುವವನ ಮುಂದೆ ನಗುವ ಜನ ಎಂದರೆ ಇವರೇ.

"ಭಾವ, ಅದು ಹಳೇ ಸೆಷನ್ ಫೈಲ್ ಅಷ್ಟೇ. ಯಾರಾದ್ರೂ ಲಾಗಿನ್ ಆದ್ರೆ ಸರ್ವರ್ ಅವ್ರ ಹೆಸ್ರಲ್ಲಿ ಒಂದು ಸಣ್ಣ ಫೈಲ್ ಬರ್ದಿಟ್ಕೊಳುತ್ತೆ. ಲಾಗ್ಔಟ್ ಆದ್ರೆ ಅಳಿಸುತ್ತೆ. ನಿಮ್ಮೋರು ಲಾಗ್ಔಟ್ ಆಗ್ತಾರಾ, ಇಲ್ಲಾ ಸುಮ್ನೆ ಸ್ವಿಚ್ ಆಫ್ ಮಾಡ್ತಾರಾ?"

ನಾನೂ ಕರಿಬಸಪ್ಪನೂ ಮುಖ ಮುಖ ನೋಡಿಕೊಂಡೆವು. ಕರೆಂಟು ಉಳಿಸಬೇಕೆಂದು ನಿಂಗಪ್ಪನವರು ಪ್ರತಿ ಗೋಡೆಯ ಮೇಲೂ 'ಮನೆಗೆ ಹೋಗುವಾಗ ಸ್ವಿಚ್ ಆರಿಸದವರಿಗೆ ದಂಡ' ಎಂದು ಬರೆಸಿದ್ದಾರೆ. ಗಂಟೆ ಹೊಡೆದ ತಕ್ಷಣ ಎಲ್ಲರೂ ಗೋಡೆಯ ಸ್ವಿಚ್ಚಿಗೆ ಒಂದು ಏಟು ಹಾಕಿ ಹೋಗುತ್ತಾರೆ. ಲಾಗ್ಔಟ್ ಎಂಬ ಪದಾರ್ಥವನ್ನು ಯಾರೂ ಎರಡು ವರ್ಷದಿಂದ ಮುಟ್ಟಿಲ್ಲ.

"ಅದೇ ಮತ್ತೆ" ಎಂದ ಮಲ್ಲಿಕ್. "ಮಾರನೇ ದಿನ ಅದೇ ಮನುಷ್ಯ ಬಂದ್ರೆ ನಿಮ್ಮ ಪ್ರೋಗ್ರಾಂ ಹಳೇದನ್ನ ಅಳಿಸಿ ಹೊಸದು ಬರ್ಕೊಳುತ್ತೆ. ಮತ್ತೆ ಬರ್ದೇ ಇರೋನ ಫೈಲ್ ಅಲ್ಲೇ ಬಿದ್ದಿರುತ್ತೆ. ಸರ್ವರ್ ರೀಸ್ಟಾರ್ಟ್ ಮಾಡಿದ್ರೆ ಹೋಗಿರೋದು. ಯಾವಾಗ ಮಾಡಿದ್ರಿ?"

"ಮಾಡೇ ಇಲ್ಲ ಮಲ್ಲಿಕ್. ಮಲಗಿಸಿದ್ದು ಮತ್ತೆ ಏಳದೇ ಹೋದ್ರೆ?"

ಮಲ್ಲಿಕ್ ನಿಟ್ಟುಸಿರು ಬಿಟ್ಟು ಒಂದೊಂದೇ ಅಕ್ಷರ ಹೇಳಿಕೊಟ್ಟ. ಕರಿಬಸಪ್ಪ ಒಂದೇ ಬೆರಳಲ್ಲಿ ಕುಟ್ಟಿದ. ಕಪ್ಪು ಪರದೆಯ ಮೇಲೆ ಒಂದಷ್ಟು ಅಂಕಿಗಳು ಬಂದವು. ಅದರಲ್ಲಿ ನಲವತ್ತೊಂದನೇ ಫೈಲು ಚಿನ್ನಪ್ಪನದು. ಅದನ್ನು ಬಿಚ್ಚಿದರೆ ಒಳಗೆ ಅವನ ಹೆಸರು, ಬಂದ ಸಮಯ, ಮತ್ತು ಸೆಷನ್ ಮುಚ್ಚುತ್ತಿದೆ ಎಂಬ ಒಂದು ಮಾತು. ಪಾಪ, ಹನ್ನೆರಡು ದಿನದಿಂದ ಮುಚ್ಚುತ್ತಲೇ ಇತ್ತು.

"ಅದ್ರ ಹಿಂದೆ ಏನಾದ್ರೂ ಓಡ್ತಾ ಇದೆಯಾ ನೋಡಿ."

"ಏನೂ ಇಲ್ಲಪ್ಪ. ಬರೀ ಹೆಸರು ಐತೆ."

"ಅಂದ್ರೆ ಖಾಲಿ ಫೈಲ್. ಅವ್ರು ಹನ್ನೆರಡು ದಿನದ ಹಿಂದೆನೇ ಎದ್ದು ಹೋಗಿದಾರೆ. ಭಾವ, ಈಗ ನೀವು ಅದನ್ನ..."

ಹೊರಗೆ ಬೂಟಿನ ಸದ್ದಾಯಿತು. ಕರಿಬಸಪ್ಪ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮಲ್ಲಿಕ್ ಹಿಂದಿನ ವಾರ ಇನ್ಯಾವುದೋ ವಿಷಯಕ್ಕೆ ಹೇಳಿಕೊಟ್ಟಿದ್ದ ಅಳಿಸುವ ಆಜ್ಞೆಯನ್ನು ಕುಟ್ಟಿ, ನಲವತ್ತೊಂದು ಎಂದು ಹಾಕಿ, ಎಂಟರ್ ಒತ್ತಿಬಿಟ್ಟ.

"...ಅದನ್ನ ಮಾತ್ರ ಅಳಿಸ್ಬೇಡಿ. ಪೊಲೀಸ್ರಿಗೆ ಫಸ್ಟ್ ತೋರ್ಸಿ" ಎಂದು ಮಲ್ಲಿಕ್ ಮಾತು ಮುಗಿಸಿದ.

ನಾವು ಹೊರಗೆ ಬಂದಾಗ ಕೃಪಾ ಮೇಡಂ ಆಫೀಸಿನ ಪರದೆಯನ್ನೇ ದಿಟ್ಟಿಸುತ್ತಿದ್ದರು. ಒಳಗಿರುವವರ ಪಟ್ಟಿಯಿಂದ ಚಿನ್ನಪ್ಪನ ಹೆಸರು ಮಾಯವಾಗಿತ್ತು. ಪಕ್ಕದ ಪಟ್ಟಿಯಲ್ಲಿ ಹೊಸದೊಂದು ಸಾಲು ಬಂದಿತ್ತು. ಚಿನ್ನಪ್ಪ, ಹೊರಗೆ ಹೋದ ಸಮಯ ಹನ್ನೊಂದು ನಲವತ್ತೆರಡು.

ಮೇಡಂ ಕೈಗಡಿಯಾರ ನೋಡಿಕೊಂಡರು. ಹನ್ನೊಂದು ನಲವತ್ತಮೂರು.

"ಗೇಟ್ ಹಾಕ್ರೋ!" ಎಂದು ಅವರು ಕೂಗಿದ್ದಕ್ಕೆ ಟೀ ಅಂಗಡಿಯವನೂ ತನ್ನ ಬಾಗಿಲು ಹಾಕಿಕೊಂಡ. ಇಬ್ಬರು ಪೇದೆಗಳು ರಸ್ತೆಯ ಎರಡು ದಿಕ್ಕಿಗೂ ಓಡಿದರು. ನರಸಿಂಹಯ್ಯನನ್ನು ಕುತ್ತಿಗೆ ಪಟ್ಟಿ ಹಿಡಿದು ತಂದು ನಿಲ್ಲಿಸಿದರು.

"ಒಂದು ನಿಮಿಷದ ಹಿಂದೆ ನಿನ್ನ ಮುಂದೆನೇ ಹೋಗಿದಾನೆ. ಎಷ್ಟು ತಗೊಂಡು ಬಿಟ್ಟೆ?"

"ನನ್ ಮಕ್ಳಾಣೆ ಯಾರೂ ಓಗಿಲ್ಲ ತಾಯಿ! ಗೇಟಿಗೆ ಬೆನ್ ಕೊಟ್ಕೊಂಡೇ ನಿಂತಿದ್ದೆ!"

ಗೇಟಿನ ಕ್ಯಾಮೆರಾದ ಚಿತ್ರ ತೆಗೆದು ನೋಡಿದರು. ಹನ್ನೊಂದು ನಲವತ್ತೆರಡಕ್ಕೆ ಗೇಟಿನಲ್ಲಿ ನರಸಿಂಹಯ್ಯನ ಬೆನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮನುಷ್ಯ ಹೊರಗೆ ಹೋಗಿದ್ದಾನೆ, ಗೇಟು ತೆರೆದಿಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ. ಹಾಗೆ ಹೋಗುವುದು ಯಾವುದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ, "ಹನ್ನೆರಡನೇ ದಿನ ಬೇರೆ" ಎಂದ. ಓಡುತ್ತಿದ್ದ ಹದಿನೇಳು ಮಿಷಿನ್ನೂ ಒಂದರ ಹಿಂದೊಂದು ನಿಂತವು. ಪಾಳಿಯ ಮಧ್ಯದಲ್ಲಿ ಕಾರ್ಖಾನೆ ನಿಶ್ಶಬ್ದವಾದದ್ದು ನಾನು ಕಂಡಂತೆ ಅದೇ ಮೊದಲು. ಆ ನಿಶ್ಶಬ್ದದಲ್ಲಿ ಕುಲುಮೆಯ ಗುರುಗುಟ್ಟುವಿಕೆ ಒಂದೇ ಕೇಳುತ್ತಿತ್ತು. ನನಗೆ ನಿಜವಾಗಿಯೂ ಭಯವಾಯಿತು, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ನರಸಿಂಹಯ್ಯನನ್ನು ಜೀಪಿನ ಕಡೆ ಎಳೆದರು. ಅರವತ್ತರ ಮುದುಕ, ಟೋಪಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲೂ ಬಿಡಲಿಲ್ಲ. ಅತ್ತ ಅಂಜಿನಮ್ಮ ಅಳುವುದನ್ನು ನಿಲ್ಲಿಸಿ, ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೆಲ ನೋಡುತ್ತಿದ್ದಳು. ಕರಿಬಸಪ್ಪ ಇಬ್ಬರನ್ನೂ ನೋಡಿದ.

"ಬಿಡಿ ಮೇಡಂ ಅವ್ರನ್ನ" ಎಂದ. ಧ್ವನಿ ಕೀರಲಾಗಿತ್ತು. "ಯಾರೂ ಹೊರಗೆ ಹೋಗಿಲ್ಲ. ನಾನೇ ಫೈಲ್ ಅಳಿಸಿದ್ದು. ಚಿನ್ನಪ್ಪ ಒಳಗೆ ಇರ್ಲೇ ಇಲ್ಲ."

"ಒಳಗಿದಾನೆ ಅಂತ ಅವ್ರ ಹೆಂಡ್ತಿಗೆ ಹೇಳಿದೀರಲ್ಲ?"

"ಹೇಳಿದೀನಿ. ದಿನಾ ಹೇಳಿದೀನಿ. ಒಂದಿನಾನೂ ಎದ್ದು ಹೋಗಿ ನೋಡ್ಲಿಲ್ಲ ಮೇಡಂ. ನೂರು ಹೆಜ್ಜೆ ದೂರ ಅವ್ರ ಮಿಷಿನ್ನು. ಕುರ್ಚಿ ಬಿಟ್ಟು ಏಳ್ಲಿಲ್ಲ." ಅವನು ನಿಂಗಪ್ಪನವರ ಕಡೆ ತಿರುಗಿದ. "ಸುಳ್ಳು ಹೇಳಿದ್ದು ಅದಲ್ಲ ಸಾರ್, ನಾನು. ನನಗೆ ಲಿನಕ್ಸ್ ಬರಲ್ಲ. ನಮ್ಮನೇಲಿ ಬರೋದು ನನ್ನ ಬಾಮೈದಂಗೆ."

ನಿಂಗಪ್ಪನವರ ಬಾಯಿ ತೆರೆಯಿತು. ಒಳಗಿನ ಮಾತು ಯಾವುದೆಂದು ನಮಗೆಲ್ಲ ಗೊತ್ತಿತ್ತು. ಆದರೆ ಕೃಪಾ ಮೇಡಂ ಕೈ ಅಡ್ಡ ಹಿಡಿದು, ಆವತ್ತು ಬೆಳಗ್ಗೆಯಿಂದ ಯಾರೂ ಕೇಳದ ಪ್ರಶ್ನೆಯನ್ನು ಅಂಜಿನಮ್ಮನಿಗೆ ಕೇಳಿದರು.

"ಅಮ್ಮ, ಹನ್ನೆರಡು ದಿನದ ಹಿಂದೆ ಹೋಗಿದ್ರೆ ಎಲ್ಲಿಗೆ ಹೋಗಿರ್ಬೋದು? ನೆಂಟರು ಯಾರಿದಾರೆ?"

ಅಂಜಿನಮ್ಮ ಕಣ್ಣೊರೆಸಿಕೊಂಡಳು. "ಪಟ್ಟಂದೂರು ಅಗ್ರಾರದಾಗೆ ನಮ್ ನಾದಿನಿ ಮುನಿಯಕ್ಕ ಅವ್ಳೆ. ಅವ್ಳ್ ತಾವ ನಾನು ಮಾತ್ ಬಿಟ್ಟು ಮೂರ್ ವರ್ಸ ಆಯ್ತು."

ಮೇಡಂ ಸ್ಪೀಕರಿನಲ್ಲಿ ಫೋನ್ ಹಾಕಿದರು. ಪೊಲೀಸ್ ಎಂದು ಹೇಳಿದ ಕೂಡಲೇ ಮುನಿಯಕ್ಕ ಒಂದೇ ಉಸಿರಿಗೆ ಎಲ್ಲ ಕಕ್ಕಿದಳು. "ಇಲ್ಲೇ ಅವ್ನೆ ಸಾಮಿ, ಬೆಡ್ ಸೀಟ್ ಒದ್ಕೊಂಡು ಮಲ್ಗವ್ನೆ. ಕಣ್ಣಿನ್ ಆಪ್ರೇಸನ್ನು. ಯಾರ್ಗೂ ಏಳ್ಬೇಡ ಅಂತ ಆಣೆ ಇಕ್ಕಿಸ್ಕಂಡಿದ್ದ. ನಾನೇನ್ ಮಾಡ್ಲಿ?"

ಅಂಜಿನಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ಮೊದಲು ಜೀವ ಬಂತು, ಆಮೇಲೆ ಕೋಪ ಬಂತು. ಮೂರು ವರ್ಷದ ಮೌನ ಮುರಿದು ಅವಳು ಫೋನಿನಲ್ಲಿ ನಾದಿನಿಗೆ ಹೇಳಿದ್ದನ್ನು ಕೇಳಿ ಪೇದೆಗಳು ತಲೆ ತಗ್ಗಿಸಿದರು.

ಎರಡು ಗಂಟೆ ಕಳೆದು ಮೆಟ್ರೋ ಹಿಡಿದು ಚಿನ್ನಪ್ಪ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಕಣ್ಣಿಗೆ ಹಾಕುವ ಔಷಧದ ಬಾಟಲಿ. ಗೇಟಿನಲ್ಲಿ ಅವನನ್ನು ಕಂಡು ಇಬ್ಬರು ಒಳಗೆ ಓಡಿದರು. ಅಂಜಿನಮ್ಮ ಓಡಲಿಲ್ಲ. ಅವನ ತೋಳು ಹಿಡಿದು, ನಿಜವಾಗಿ ತೋಳು ಇದೆಯೆಂದು ಖಾತ್ರಿಪಡಿಸಿಕೊಂಡು, ಅದಕ್ಕೆ ಎರಡು ಬಿಟ್ಟಳು.

"ಯಾಕ್ ಮುಚ್ಚಿಟ್ಟಿ?" ಎಂದು ಗುಡುಗಿದರು ನಿಂಗಪ್ಪನವರು.

"ಕಣ್ಣು ಮಂಜಾದೋರ್ನ ಮಿಷಿನ್ನಿಂದ ಇಳ್ಸಿ ಪ್ಯಾಕಿಂಗಿಗೆ ಆಕ್ತೀನಿ ಅಂದಿದ್ರಲ್ಲ ಸಾರ್. ಇಪ್ಪತ್ತೆರಡ್ ವರ್ಸದಿಂದ ಅದೊಂದೇ ಮಿಷಿನ್ನು ನಂಗೆ ಗೊತ್ತಿರೋದು. ಅದೇ ಕೆಟ್ಟು ನಿಂತೈತೆ, ಯಾರ್ಗೂ ಗೊತ್ತಾಗಲ್ಲ ಅಂದ್ಕಂಡೆ. ಇವ್ಳ್ಗೆ ಏಳಿದ್ರೆ ಇಡೀ ಬಾಗ್ಲುಗುಂಟೆಗೆ ಗೊತ್ತಾಯ್ತದೆ."

"ಈಗ ಕಾಣಸ್ತದೇನು ಇಲ್ಲೇನು? ಅಲ್ಲಿಂದಲೇ ಆ ಪರದೆ ಓದು ನೋಡೋಣ."

ಚಿನ್ನಪ್ಪ ಬಾಗಿಲಲ್ಲೇ ನಿಂತು ಕನ್ನಡಕ ತೆಗೆದ. ನಾನು ಅಲ್ಲಿಂದ ಪರದೆಗೆ ದೂರ ಅಂದಾಜು ಮಾಡಿದೆ, ಹದಿನಾಲ್ಕು ಅಡಿ. ಅವನು ಮೇಲಿನಿಂದ ಒಂದೊಂದೇ ಹೆಸರು ತಡವರಿಸದೆ ಓದಿದ. ನಾವು ಯಾರೂ ಎಂದೂ ಕಣ್ಣಾಡಿಸದ ಕಟ್ಟಕಡೆಯ ಸಾಲಿಗೂ ಬಂದ.

"ನಿಂಗಪ್ಪ. ಮಾರ್ಚಿ ಒಂಬತ್ತು, ಬೆಳಿಗ್ಗೆ ಅತ್ತೂ ಕಾಲ್ಗೆ ಒಳಗೆ ಬಂದೋರು. ಒರಗೆ ಓಗಿಲ್ಲ."

ಎಲ್ಲರೂ ನಿಂಗಪ್ಪನವರ ಕಡೆ ನೋಡಿದೆವು. ಮಾರ್ಚಿನಲ್ಲಿ ಅವರು ಬಂದ ಗಿರಾಕಿಗಳಿಗೆ ತೋರಿಸಲೆಂದು ಒಮ್ಮೆ ಲಾಗಿನ್ ಆಗಿ, ಕರೆಂಟು ದಂಡವಾಗಬಾರದೆಂದು ತಮ್ಮ ಕೈಯಾರೆ ಗೋಡೆಯ ಸ್ವಿಚ್ಚು ಆರಿಸಿದ್ದರು. ಆಮೇಲೆ ಆ ಕಂಪ್ಯೂಟರಿನ ಹತ್ತಿರ ಹೋಗಿರಲಿಲ್ಲ.

"ಸಾರ್, ನೀವು ನಾಲ್ಕು ತಿಂಗಳಿಂದ ಒಳಗಿದೀರಾ?" ಎಂದು ಕೇಳಿ ಕೃಪಾ ಮೇಡಂ ಕೇಸು ಬರೆಯುವ ಪುಸ್ತಕ ಬಿಚ್ಚಿದರು. ನಗುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ.

ನಿಂಗಪ್ಪನವರ ಮುಖ ಬಿಳಿಚಿಕೊಂಡಿತು. "ಏ, ನಾ ಇಲ್ಲೇ ಅದೀನಲ್ರೀ! ಕರಿಬಸಪ್ಪ, ಅಳಸ್ರಿ ಅದನ್ನ, ಲಗೂನ ಅಳಸ್ರಿ!"

ಕರಿಬಸಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅಳಿಸಿದ್ರೆ ಈಗ ತಾನೇ ಹೊರಗೆ ಹೋದ್ರಿ ಅಂತ ಬರ್ತದೆ ಸಾರ್."

"ನಾ ಜೀಪ್ ಅತ್ತಲ್ಲ!" ಎಂದು ನರಸಿಂಹಯ್ಯ ಗೇಟಿನಿಂದಲೇ ಕಿರುಚಿದ. "ಸಾಹುಕಾರ್ರು ಒರಗೆ ಓಗೋದ್ನ ನಾನು ಕಣ್ಣಾರೆ ನೋಡೋಗಂಟ ಯಾರೂ ಏನೂ ಅಳಿಸ್ಕೂಡ್ದು!"

ಬೇರೆ ದಾರಿ ಇರಲಿಲ್ಲ. ಎಲ್ಲ ಕೆಲಸಗಾರರು, ಪೊಲೀಸರು ಮತ್ತು ಇಡೀ ಬೀದಿ ನೋಡುತ್ತಿರುವಂತೆ ನಿಂಗಪ್ಪನವರು ಗೇಟು ದಾಟಿ ರಸ್ತೆಗೆ ಹೋಗಿ ನಿಂತರು. ನರಸಿಂಹಯ್ಯ ಗೇಟು ಹಾಕಿ ಚಿಲಕ ಎಳೆದ. ಕರಿಬಸಪ್ಪ ಮೆಟ್ಟಿಲ ಕೆಳಗೆ ಕೂತು, ಮಲ್ಲಿಕ್‌ನನ್ನು ಫೋನಿನಲ್ಲಿಟ್ಟುಕೊಂಡು, ಒಂದೇ ಬೆರಳಲ್ಲಿ ಕುಟ್ಟತೊಡಗಿದ. ಆ ಕೆಲಸ ಬಲ್ಲವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ ಎಂಬುದು ಆಗ ಎಲ್ಲರಿಗೂ ಹೊಳೆಯಿತು, ರಸ್ತೆಯಲ್ಲಿ ನಿಂತವರಿಗೂ ಹೊಳೆದಿರಬೇಕು.

ಹತ್ತು ನಿಮಿಷವಾಯಿತು. ಹೊರಗೆ ಸಣ್ಣಗೆ ಹನಿಯಲು ಶುರುವಾಯಿತು. ನಿಂಗಪ್ಪನವರು ಗೇಟಿನ ಸಂದಿಗೆ ಬಾಯಿಟ್ಟು, ಅವರ ಬಾಯಲ್ಲಿ ನಾನು ಎಂದೂ ಕೇಳದಷ್ಟು ಮೆತ್ತಗೆ ಕೇಳಿದರು.

"ಕರಿಬಸಪ್ಪನವರ... ಒಳಗ ಬರ್ಲೇನ್ರೀ?"